ನೆಲವನ್ನು ಕಾಯಿಸಬೇಕೆ, ಕಾಲನ್ನು ಬೆಚ್ಚಗಿಡಬೇಕೆ?

ಪುಣೆಯ ಚಳಿಗಾಲ ಅಲ್ಪಾಯುಷಿಯಾದರೂ ಅದರ ಮುಂಜಾವುಗಳು ತೀಕ್ಷ್ಣವಾದವು. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ಸಿನ ಸಮೀಪವಿದ್ದರೂ ಬೆಳಗಿನ ಜಾವಕ್ಕೆ 10-12 ಡಿಗ್ರಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. 1935ರ ಜನವರಿಯಲ್ಲಿ ಈ ನಗರದಲ್ಲಿ 1.7 ಡಿಗ್ರಿ ದಾಖಲಾದುದೂ ಉಂಟು. ಇಂಥ ದಿನಗಳಲ್ಲಿ ಊರಿನಿಂದ ಮಕ್ಕಳ ಮನೆಗೆ ಬಂದ ವೃದ್ಧರು ಹೇಳುವ ಮೊದಲ ಮಾತು, “ನೆಲ ಭಾಳ ಥಂಡಿ ಅದ” ಎಂಬುದು.

ವಿದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಗಳಲ್ಲಿ ಬೆಚ್ಚನೆಯ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿ ಬಂದವರಿಗೆ, ಅಂಥ ಸೌಕರ್ಯ ಇಲ್ಲಿಯೂ ಏಕೆ ಬೇಡವೆಂಬ ವಿಚಾರ ಬರುವುದು ಸಹಜ. ಈ ಪದ್ಧತಿ ಹೊಸದಲ್ಲ. ಪ್ರಾಚೀನ ರೋಮನರು ನೆಲದಡಿಯಲ್ಲಿ ಬಿಸಿಗಾಳಿಯನ್ನು ಹಾಯಿಸುತ್ತಿದ್ದರು. ಕೊರಿಯಾದ ‘ಒಂಡೋಲ್’ ಮನೆಗಳಲ್ಲಿ ಒಲೆಯ ಹೊಗೆಯೇ ನೆಲವನ್ನು ಕಾಯಿಸುತ್ತಿತ್ತು. ಇಂದು ಆ ಕೆಲಸವನ್ನು ಬಿಸಿನೀರಿನ ಕೊಳವೆಗಳು ಅಥವಾ ವಿದ್ಯುತ್ ತಂತಿಗಳು ಮಾಡುತ್ತವೆ. ಅದರ ಸುಖ ನಿರ್ವಿವಾದ. ಆದರೆ ಆ ಸುಖ ಹುಟ್ಟಿದ್ದು ಹಗಲಿರುಳೂ ತಿಂಗಳುಗಟ್ಟಲೆ ಚಳಿ ಬಿಡದ ನಾಡುಗಳಲ್ಲಿ. ಕಲ್ಲು-ಗಾರೆಯ ನೆಲ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಪುಣೆಯಲ್ಲಿ ಅದು ಚೆನ್ನಾಗಿ ಕಾಯುವ ವೇಳೆಗೆ ಬಿಸಿಲೇ ಬಾಗಿಲಿಗೆ ಬಂದಿರುತ್ತದೆ!

ಇನ್ನು ಆಯ-ವ್ಯಯದ ಲೆಕ್ಕ. ವಿದ್ಯುತ್ ತಂತಿಯ ನೆಲಕ್ಕೆ ಚದರ ಮೀಟರಿಗೆ 100ರಿಂದ 150 ವ್ಯಾಟ್ ಬೇಕಾಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಕನಿಷ್ಠ ಪ್ರಮಾಣವನ್ನೇ ಹಿಡಿದು, ದಿನಕ್ಕೆ ಆರು ಗಂಟೆ ಪೂರ್ತಿಯಾಗಿ ಉರಿಸಿದರೆ ಸುಮಾರು ಐದೂವರೆ ಯೂನಿಟ್. ಅರವತ್ತು ದಿನಗಳಿಗೆ 330 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಎಂದಿಟ್ಟುಕೊಂಡರೂ 3,300 ರೂಪಾಯಿ. ಈ ಮೊತ್ತ ಅನೇಕರಿಗೆ ಭಾರವಾಗಲಾರದು. ಭಾರವಾಗುವುದು ಮೂಲ ಬಂಡವಾಳ: ಇದ್ದ ಫರಸಿಯನ್ನು ಕೀಳಬೇಕು, ಉಷ್ಣನಿರೋಧಕ ಪದರವನ್ನು ಹಾಸಬೇಕು, ಹೊಸ ನೆಲವನ್ನು ಕೂರಿಸಬೇಕು, ನೆಲ ಎತ್ತರವಾದಷ್ಟೂ ಬಾಗಿಲುಗಳನ್ನು ಕತ್ತರಿಸಬೇಕು. ನಿರೋಧಕ ಪದರವಿಲ್ಲದಿದ್ದರೆ, ತೆತ್ತ ಹಣದ ಒಂದು ಪಾಲು ಕೆಳಮನೆಯವರ ಛಾವಣಿಯನ್ನು ಕಾಯಿಸಲು ಹೋಗುತ್ತದೆ. ಇಷ್ಟೆಲ್ಲ ಹೂಡಿದ ಮೇಲೂ ವರ್ಷದ ಹತ್ತು ತಿಂಗಳು ಆ ಬಂಡವಾಳ ನೆಲದಡಿಯಲ್ಲಿ ನಿಷ್ಕ್ರಿಯವಾಗಿ ಮಲಗಿರುತ್ತದೆ. ಇದು ಜಾಣತನದ ಹೂಡಿಕೆಯಲ್ಲ.

ನೆಲ ತಣ್ಣಗೆನಿಸುವ ಕಾರಣವನ್ನು ತಿಳಿದರೆ ಉಪಾಯವೂ ಹೊಳೆಯುತ್ತದೆ. ಪುಣೆಯ ಹಳೆಯ ಮನೆಗಳಿಗೆ ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಹಾಸಿದೆ. ಹೊಸ ಮನೆಗಳಿಗೆ ಟೈಲ್ಸ್. ಒಂದೇ ಕೋಣೆಯಲ್ಲಿ ಕಲ್ಲೂ ಕಂಬಳಿಯೂ ಒಂದೇ ಉಷ್ಣತೆಯಲ್ಲಿದ್ದರೂ, ಕಲ್ಲು ಅಂಗಾಲಿನ ಶಾಖವನ್ನು ಬಹುಬೇಗ ಹೀರಿಕೊಳ್ಳುತ್ತದೆ, ಕಂಬಳಿ ಹೀರುವುದಿಲ್ಲ. ಆದುದರಿಂದ ಮಂಚದಿಂದ ಬಚ್ಚಲಿನವರೆಗೆ ಜಾರದಂತೆ ಹಾಸಿದ ನವಲಗುಂದದ ಒಂದು ಜಮಖಾನೆ, ಕಾಲಿಗೆ ಉಣ್ಣೆಯ ಚೀಲ, ಬಾಗಿಲ ಸಂದಿಗೆ ಬಟ್ಟೆಯ ಸುರುಳಿ, ಇಷ್ಟರಿಂದಲೇ ಅರ್ಧ ಕೆಲಸವಾಗುತ್ತದೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಕಿಟಕಿಯ ಪರದೆಯನ್ನು ಹಗಲು ಸರಿಸಿಟ್ಟು, ಸಂಜೆ ಎಳೆದರೆ ಕಲ್ಲಿನ ನೆಲವೇ ಬಿಸಿಲನ್ನು ಕೂಡಿಟ್ಟುಕೊಳ್ಳುತ್ತದೆ. ಯಂತ್ರವೇ ಬೇಕೆನ್ನುವವರಿಗೆ, ತಂಪಿನೊಡನೆ ಬಿಸಿಯನ್ನೂ ಕೊಡುವ ಹವಾನಿಯಂತ್ರಕ ಒಂದು ಯೂನಿಟ್ ವಿದ್ಯುತ್ತಿನಿಂದ ಸುಮಾರು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೋಣೆಗೆ ತರಬಲ್ಲದು. ಬೇಸಗೆಯಲ್ಲಿಯೂ ಅದು ದುಡಿಯುತ್ತದೆ.

ಆರೋಗ್ಯದ ದೃಷ್ಟಿಯಿಂದ ಎರಡು ಎಚ್ಚರಿಕೆಗಳು ಅತ್ಯಗತ್ಯ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೆಗಡಿಯನ್ನು ಇಟ್ಟು ಎಂದಿಗೂ ಮಲಗಬಾರದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಎರಡನೆಯದು, ಬಹುಕಾಲದ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿನೀರಿನ ಚೀಲವಾಗಲಿ, ಹೀಟರಾಗಲಿ ಸುಟ್ಟದ್ದು ತಿಳಿಯದೆ ಹುಣ್ಣಾಗುವ ಸಂಭವವಿದೆ. ಹೊಸ ಮನೆ ಕಟ್ಟಿಸುತ್ತ ನೆಲಕ್ಕೆ ತಂತಿ ಹಾಕಿಸಿಯೇ ತೀರುವವರು ಕೂಡ ನೆಲದ ಮೇಲ್ಮೈ 29 ಡಿಗ್ರಿಯನ್ನು ಮೀರದಂತೆ ನಿಯಂತ್ರಕವನ್ನು ಅಳವಡಿಸುವುದು ಕ್ಷೇಮ.

ಆದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮನೆಯಲ್ಲಿ ಹಿರಿಯರ ಹಾಸಿಗೆ ಎಲ್ಲಿದೆ? ಎರಡು ಕೋಣೆಯ ಮನೆಗಳಲ್ಲಿ ಊರಿನಿಂದ ಬಂದ ತಂದೆತಾಯಿಯರ ಪಾಲಿಗೆ ದೊರೆಯುವುದು ಬಹುಮಟ್ಟಿಗೆ ನಡುಮನೆಯ ನೆಲ, ಅದೂ ಬಾಲ್ಕನಿಯ ಗಾಳಿ ನುಸುಳುವ ಕಡೆ. ಸಂಕೋಚದಿಂದ ಅವರು ಬಾಯಿ ಬಿಡುವುದಿಲ್ಲ. ಚಳಿಯ ಎರಡು ತಿಂಗಳು ಒಳಕೋಣೆಯ ಮಂಚವನ್ನು ಅವರಿಗೆ ಬಿಟ್ಟುಕೊಟ್ಟು ಮಕ್ಕಳು ನಡುಮನೆಗೆ ಬರಬಹುದು. ಅದಕ್ಕೆ ಬಂಡವಾಳ ಬೇಡ, ಗುತ್ತಿಗೆದಾರರೂ ಬೇಡ. ಇಂದು ರಾತ್ರಿಯೇ ಮಾಡಬಹುದಾದ ಕೆಲಸವದು.