ಫೋರ್ ಟ್ವೆಂಟಿ ಹುಟ್ಟಿದ ಕಥೆ!

"ಅವನಾ? ಪಕ್ಕಾ ಫೋರ್ ಟ್ವೆಂಟಿ ಕಣೋ!"

ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತೆ. ಸರಿ, ಟೋಪಿ ಹಾಕುವವನಿಗೆ ನಾನೂರ ಇಪ್ಪತ್ತೇ ಯಾಕೆ? ನಾನೂರ ಹತ್ತೊಂಬತ್ತು ಯಾಕಲ್ಲ?

ಈ ನಂಬರ್ ಹುಟ್ಟಿದ್ದು ಸಿನಿಮಾದಲ್ಲಲ್ಲ ಸ್ವಾಮೀ, ಕಾನೂನು ಪುಸ್ತಕದಲ್ಲಿ. ಮೆಕಾಲೆ ಸಾಹೇಬರು 1837ರಲ್ಲಿ ಇಂಡಿಯನ್ ಪೀನಲ್ ಕೋಡಿನ ಕರಡು ಸಿದ್ಧಮಾಡಿದರು. ಅದು ಪಾಸಾದದ್ದು 1860ರಲ್ಲಿ. ಅಷ್ಟರಲ್ಲಿ ಸಾಹೇಬರೇ ಇರಲಿಲ್ಲ! ಅದರ 420ನೇ ಸೆಕ್ಷನ್ ಹೇಳಿದ್ದಿಷ್ಟು: ಸುಳ್ಳು ಹೇಳಿ ನಂಬಿಸಿ, ಇನ್ನೊಬ್ಬನ ಸ್ವತ್ತನ್ನು ಅವನಿಂದಲೇ ಕೊಡಿಸಿಕೊಂಡರೆ ಏಳು ವರ್ಷದವರೆಗೆ ಜೈಲು, ಮೇಲೆ ದಂಡ.

ಈ ಕೋರ್ಟಿನ ನಂಬರನ್ನು 1955ರಲ್ಲಿ ರಾಜ್ ಕಪೂರ್ ಪೋಸ್ಟರಿಗೆ ಏರಿಸಿದರು: 'ಶ್ರೀ 420'. ಮುಂದೆ ಮರ್ಯಾದೆಯ 'ಶ್ರೀ', ಹಿಂದೆ ಮೋಸದ ಸೆಕ್ಷನ್! ಪ್ರಾಮಾಣಿಕತೆಗೆ ಸಿಕ್ಕ ಮೆಡಲನ್ನೇ ಬೊಂಬಾಯಿಯಲ್ಲಿ ಗಿರವಿ ಇಡುವ ಹುಡುಗ. ಅವನನ್ನು ಮುಂದಿಟ್ಟುಕೊಂಡು, ನೂರು ರೂಪಾಯಿಗೆ ಮನೆ ಅಂತ ಬಡವರಿಗೆ ಪಂಗನಾಮ ಹಾಕಲು ಹೊರಡುವ ಸೇಠ್ ಸೋನಾಚಂದ್. ಕೊನೆಗೆ ಸೇಠನ ಬಣ್ಣ ಬಯಲು ಮಾಡೋನೂ ಅದೇ ಹುಡುಗ.

2024ರ ಜುಲೈ 1ರಿಂದ ಹಳೇ ಕೋಡ್ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಂಚನೆಗೆ ಈಗ 318ನೇ ಸೆಕ್ಷನ್. ಆದರೆ "ಲೋ ತ್ರೀ ಎಯ್ಟೀನ್!" ಅಂತ ಯಾರಾದ್ರೂ ಬೈದದ್ದು ಕೇಳಿದ್ದೀರಾ? ಇಲ್ಲ ತಾನೆ? ಕಾನೂನು ಕೈಬಿಟ್ಟರೂ ನಾಲಗೆ ಬಿಡಲಿಲ್ಲ.

ನಂಬರ್ ಯಾವುದಾದರೂ ಆಗಲಿ, ಅದರ ಅರ್ಥ ಮರೀಬೇಡಿ. ಜೇಬುಗಳ್ಳ ನಿಮಗೆ ಗೊತ್ತಾಗದ ಹಾಗೆ ತಾನೇ ತಗೋತಾನೆ. ಫೋರ್ ಟ್ವೆಂಟಿ ಹಾಗಲ್ಲ, ನಿಮ್ಮ ಕೈಯಿಂದಲೇ ಕೊಡಿಸ್ಕೋತಾನೆ, ನೀವು ನಗ್‌ನಗ್ತಾ ಕೊಡ್ತೀರಿ! ಕಳ್ಳನಿಗೆ ನಿಮ್ಮ ನಿದ್ದೆ ಬೇಕು, ಇವನಿಗೆ ನಿಮ್ಮ ಆಸೆ ಬೇಕು.

ಗಾಂಧಿನಗರದ ಕನಸು ಹೊತ್ತ ತಮ್ಮಂದಿರೇ, ಈ ಮಾತು ನಿಮಗೇ. "ಹೀರೋ ತಮ್ಮನ ಪಾತ್ರ ನಿಂಗೇ ಫಿಕ್ಸು, ಮೊದಲು ಸ್ವಲ್ಪ ಅಡ್ವಾನ್ಸ್ ಕಟ್ಟಿಬಿಡು" ಅಂತ ಒಬ್ಬ ಹೆಗಲ ಮೇಲೆ ಕೈ ಹಾಕ್ತಾನೆ. ಊರಲ್ಲಿ ಅಮ್ಮನ ಸರ ಗಿರವಿ ಅಂಗಡಿ ಸೇರುತ್ತೆ. ಆಮೇಲೆ ಪಾತ್ರವೂ ಇಲ್ಲ, ಆಸಾಮಿಯೂ ಇಲ್ಲ.

ಲೆಕ್ಕ ಸುಲಭ. ಪಾತ್ರ ಮಾಡಿದವನಿಗೆ ದುಡ್ಡು ಕೊಡಬೇಕಾದವನು ಪ್ರೊಡ್ಯೂಸರ್. ಅದು ಉಲ್ಟಾ ಆಗಿ, ನಿಮ್ಮನ್ನೇ ದುಡ್ಡು ಕೇಳಿದರೆ ಮೆಕಾಲೆ ಸಾಹೇಬರನ್ನು ನೆನಪಿಸ್ಕೊಂಡು ಮುಂದಿನ ಬಸ್ಸು ಹತ್ತಿಬಿಡಿ!