ಬೆಕ್ಕು ನಮ್ಮದು, ಹೊಣೆಯೂ ನಮ್ಮದೇ

ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿರುವ ನಮ್ಮವರ ಮನೆಗಳಲ್ಲಿ ನಾಯಿ ಅಪರೂಪ, ಬೆಕ್ಕು ಮಾತ್ರ ಮನೆಯವರ ಹಾಗೆಯೇ. ಆದರೆ ಮರಿ ಜಾಸ್ತಿಯಾದರೆ ಚೀಲದಲ್ಲಿ ಕಟ್ಟಿ ಮಾರ್ಕೆಟ್ ಹತ್ತಿರ ಬಿಟ್ಟು ಬರುವವರೂ ನಾವೇ. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದವಳಿಗೆ ನರಕ, ಬಾಯಾರಿದ ನಾಯಿಗೆ ನೀರು ಕೊಟ್ಟವನಿಗೆ ಕ್ಷಮೆ ಎಂಬ ಹದೀಸ್‌ಗಳನ್ನು ಮದ್ರಸದಲ್ಲೇ ಕಲಿತಿದ್ದೇವಲ್ಲ?

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಬೀದಿನಾಯಿಗಳ ಹೊಣೆ ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯತ್‌ಗಳದ್ದು. ಸಾಕುಪ್ರಾಣಿಯ ಲಸಿಕೆ, ಸಂತಾನಹರಣ ಸಾಕಿದವರದ್ದು. ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಮದ್ರಸಕ್ಕೆ ಹೋಗುವ ಮಕ್ಕಳಿಗೆ ನಾಯಿ ಕಚ್ಚಿದರೂ, ಬೆಕ್ಕು ಪರಚಿದರೂ ಬೈಯಬೇಡಿ, ಹೆದರಿ ಮುಚ್ಚಿಡುತ್ತಾರೆ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಕೂಡಲೇ ಸರಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ರೇಬೀಸ್ ಲಕ್ಷಣ ಕಂಡ ಮೇಲೆ ಮದ್ದಿಲ್ಲ.

ಜುಮಾದ ದಿನ ಜಮಾಅತ್ ಕಮಿಟಿಗಳು ಇಷ್ಟನ್ನಾದರೂ ಹೇಳಲಿ.