ಗೌಂಡಿ ಮೈಗಳ್ಳನಾ?

"ಈಗಿನ ಗೌಂಡಿಗಳು ಮೊದಲಿನಂಗ ದುಡಿಯಂಗಿಲ್ಲ ಬಿಡ್ರೀ."

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ... ಮನೆ ಕಟ್ಟಿಸ್ತಿರೋ ಯಾರನ್ನೇ ಮಾತಾಡಿಸಿ, ಇದೇ ರಾಗ. ನಮ್ಮಪ್ಪನೂ ಇದನ್ನೇ ಹಾಡ್ತಿದ್ದರು. ಹಾಡಿದ್ದಷ್ಟೇ ಅಲ್ಲ, ಬ್ಯಾಡಗಿಯ ನಮ್ಮ ಮನೆ ಕೆಲಸದಲ್ಲಿ ಒಬ್ಬ ಗೌಂಡಿಯ ಅರ್ಧ ದಿನದ ಪಗಾರ ಹಿಡಿದುಬಿಟ್ಟರು.

ಅವತ್ತು ನಾನು ರಜೆ ಹಾಕಿ ಅಲ್ಲೇ ಇದ್ದೆ. ಉಸುಕಿನ ಟ್ರ್ಯಾಕ್ಟರ್ ಬಂದಿದ್ದೇ ಹತ್ತೂವರೆಗೆ. ಕರೆಂಟ್ ಇಲ್ಲ, ಬೋರ್ ನಿಂತಿತ್ತು, ಇಟ್ಟಂಗಿ (ನಮ್ಮ ಕಡೆ ಹಿಂಗೇ ಅನ್ನೋದು) ನೆನೆಸೋಕೆ ನೀರಿಲ್ಲ. ಒಣ ಇಟ್ಟಂಗಿ ಇಟ್ಟರೆ ಅದು ಸಿಮೆಂಟ್ ಮಾಲಿನ ನೀರನ್ನೇ ಹೀರಿಬಿಡುತ್ತೆ, ಗೋಡೆ ಸರಿಯಾಗಿ ಹಿಡಿಯಲ್ಲ. ಆತ ಕಟ್ಟಲಿಲ್ಲ, ಕಾದ. ಅದೇ ಮೈಗಳ್ಳತನ ಆಯ್ತು! ಮಾಲು ಕೊಡೋಕೆ ಇಬ್ಬರು ಹೆಣ್ಣಾಳು ಬೇಕಿತ್ತು, ಬಂದಿದ್ದು ಒಬ್ಬಾಕೆ. ಮೆಣಸಿನಕಾಯಿ ಸೀಜನ್ ಸ್ವಾಮಿ. ಕೂತು ತೊಟ್ಟು ಬಿಡಿಸೋ ಕೆಲಸ ಸಿಗುವಾಗ ಬಿಸಿಲಲ್ಲಿ ಬುಟ್ಟಿ ಹೊರೋಕೆ ಯಾರು ಬರ್ತಾರೆ?

ನಮ್ಮ ಆಫೀಸಲ್ಲಿ ಸರ್ವರ್ ಮಲಗಿದರೆ ಮೂರು ತಾಸು ಕಾಫಿ ಕುಡೀತೀವಿ. ಒಂದು ಪೈಸೆ ಸಂಬಳ ಹಿಡಿಯಲ್ಲ. ಅದಕ್ಕೆ 'ಡೌನ್‌ಟೈಮ್' ಅಂತ ಮರ್ಯಾದೆಯ ಹೆಸರು ಬೇರೆ.

ಅಮೆರಿಕದಲ್ಲಿ ಫ್ರಾಂಕ್ ಗಿಲ್ಬ್ರೆತ್ ಅಂತ ಒಬ್ಬ ಇದ್ದ. 1885ರಲ್ಲಿ ಗೌಂಡಿ ಕೆಲಸ ಕಲಿಯೋಕೆ ಸೇರಿದವನು. ಒಂದು ಇಟ್ಟಂಗಿ ಕೂರಿಸೋಕೆ ಮೈ-ಕೈ 18 ಸಲ ಆಡಬೇಕಿದ್ದಿದ್ದನ್ನು 5ಕ್ಕೆ ಇಳಿಸಿದ. ತಾಸಿಗೆ 120 ಇಟ್ಟಂಗಿ ಇದ್ದಿದ್ದು 350 ಆಯ್ತು ಅಂತ ಟೇಲರ್ 1911ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬೈದು ಅಲ್ಲ, ಪಗಾರ ಹಿಡಿದೂ ಅಲ್ಲ! ಗೋಡೆ ಎದ್ದಂತೆಲ್ಲ ಎತ್ತರಿಸಬಹುದಾದ ಸಾರುವೆ ಮಾಡಿ, ಇಟ್ಟಂಗಿ, ಮಾಲು ಎರಡನ್ನೂ ಗೌಂಡಿಯ ಕೈಮಟ್ಟಕ್ಕೆ ತಂದಿಟ್ಟ. ನಮ್ಮಲ್ಲಿ? ಎರಡು ಡ್ರಮ್ಮು, ಮೇಲೊಂದು ಹಲಗೆ. ಪ್ರತಿ ಇಟ್ಟಂಗಿಗೂ ಪಾದದ ತನಕ ಬಗ್ಗಿ ಏಳಬೇಕು. ನೀವು ಒಂದು ನೂರು ಸಲ ಮಾಡಿ ನೋಡಿ, ಆಮೇಲೆ ಮಾತಾಡೋಣ.

"ಸರ್ಕಾರಿ ಲೆಕ್ಕ ಐತಲ್ರೀ, ದಿನಕ್ಕ ಇಷ್ಟು ಕಟ್ಟಬೇಕಂತ" ಅಂದರು ಪರಿಚಯದ ಇಂಜಿನಿಯರ್ ಒಬ್ಬರು. ಇದೆ, ಐಎಸ್ 7272, 1974ರದ್ದು. ಅದರ ಮೊದಲ ಭಾಗದ ಹೆಸರಲ್ಲೇ 'ಉತ್ತರ ವಲಯ' ಅಂತಿದೆ. ಬ್ಯಾಡಗಿ ಯಾವಾಗ ಅಲ್ಲಿಗೆ ಹೋಯ್ತೋ!

ಎರಡು ಕಡೆ ಕೆಲಸ ಒಪ್ಪಿಕೊಂಡು ನಮ್ಮನ್ನು ಅಲೆದಾಡಿಸೋ ಗೌಂಡಿಗಳೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಉಸುಕು, ನೀರು, ಆಳು ಹೊಂದಿಸಬೇಕಾದವರು ಯಾರು? ನಾವು. ನಮ್ಮ ತಪ್ಪಿಗೆ ಅವನ ಪಗಾರ ಯಾಕೆ ಹಿಡೀಬೇಕು?

ಅಪ್ಪನ ಜೊತೆ ಎರಡು ದಿನ ಜಗಳ ಆಯ್ತು. ಶನಿವಾರದ ಬಟವಾಡೆಯಲ್ಲಿ ಹಿಡಿದ ದುಡ್ಡು ಕೊಟ್ಟರು, ನನ್ನ ಮುಖ ನೋಡದೆ. ಡ್ರಮ್ಮು ಮಾತ್ರ ಹಂಗೇ ಇವೆ. ಕಬ್ಬಿಣದ ಸಾರುವೆಗೆ ಬಾಡಿಗೆ ಜಾಸ್ತಿಯಂತೆ.